ಲಾಮಾದ ಬೆನ್ನಿನ ಹೊರೆ

ಬೆಳಕು ಹರಿಯುವುದರೊಳಗೆ ನಮ್ಮೂರ ಕುಂಬಾರನ ಹೆಂಡತಿ ಹೊಳೆಯಿಂದ ನೀರು ತಂದು, ಮುಸುಕಿನ ಜೋಳ ಅರೆದು, ಅತ್ತೆಯ ಕಾಲು ನೀವಿ, ಜೇಡಿಮಣ್ಣು ತುಳಿದು ಹದ ಮಾಡಿಟ್ಟಿರುತ್ತಾಳೆ; ಆಮೇಲೆ ಗಂಡ ಎದ್ದು ಕುಂಬಾರನಾಗುತ್ತಾನೆ. ನಮ್ಮ ಓಣಿಯ ಚೆಮಾಳನ್ನೇ ನೋಡಿ. ಅವಳು ಹೂಜಿಯ ಮೇಲೆ ಕೂರಿಸುವ ಮಣ್ಣಿನ ಗೂಬೆಗೆ ಅತ್ತೆಯ ಕಣ್ಣು, ನರಿಗೆ ಮೈದುನನ ಮೂತಿ, ಕಪ್ಪೆಗೆ ಉಂಡೆದ್ದ ಗಂಡನ ಹೊಟ್ಟೆ. ಪೂಜಾರಿ ಆ ಗೂಬೆಗೆ ಕೈಮುಗಿದು, "ಸಾವಿನ ಲೋಕದ ದೊರೆ! ನೋಡಿದ್ರೆ ಎದೆ ನಡುಗುತ್ತೆ" ಎಂದರೆ, "ನಂಗೆ ದಿನಾ ನಡುಗುತ್ತೆ ಸ್ವಾಮಿ" ಎನ್ನುತ್ತಾಳೆ. ಕಪ್ಪೆ ಮಳೆ ತರುತ್ತದೆ ಎಂದರೆ, "ನಮ್ಮನೇದು ಒಂದು ಕೊಡ ನೀರೂ ತರಲ್ಲ" ಎಂದು ಗೊಣಗುತ್ತಾಳೆ. ನಮ್ಮಲ್ಲಿ ಮೊದಲ ಮೊಮ್ಮಗು ಹುಟ್ಟಿದ ವರ್ಷ ಅಜ್ಜ ಅಜ್ಜಿಯಾದ ಗಂಡಹೆಂಡಿರ ಗೋರಿಯಲ್ಲಿಡುವ ಹೂಜಿಗಳು ಸಿದ್ಧವಾಗಬೇಕು. ಪ್ರಾಣಿ ಆರಿಸುವವನು ಗಂಡ, ಮಾಡುವವಳು ಹೆಂಡತಿ. ಹೂಜಿಯ ಪ್ರಾಣಿಗೆ ಯಾವ ಬಾಳೋ, ಸತ್ತವರಿಗೆ ಆ ಲೋಕದಲ್ಲಿ ಅದೇ ಬಾಳು. ಈ ವರ್ಷ ಚೆಮಾಗೂ ಮೊಮ್ಮಗು ಹುಟ್ಟಿತು. ಗಂಡ ತನಗೆ ಬೆಟ್ಟದ ಹುಲಿಯಂಥ ಪೂಮಾ ಎಂದ, ಅವಳಿಗೆ ಉದ್ದ ಕತ್ತಿನ, ಉಣ್ಣೆ ಮೈಯ, ಹೊರೆ ಹೊತ್ತ ಲಾಮಾ. "ನಿಂಗೆ ಇದೇ ಒಪ್ಪುತ್ತೆ ಕಣೆ, ಅಲ್ಲೂ ಬೇಜಾರಾಗಲ್ಲ" ಎಂದು ನಕ್ಕ. "ಪೂಮಾ ಹಿಡಿದ ಬೇಟೆನ ಬೇಯಿಸೋರು ಯಾರು?" ಎಂದು ಕೇಳಿದಳು. "ನೀನಿರ್ತೀಯಲ್ಲ!" ಅವಳು ಎರಡನ್ನೂ ಮಾಡಿ ನೆರಳಲ್ಲಿ ಆರಲು ಪಕ್ಕಪಕ್ಕ ಇಟ್ಟಳು. ನಾಳೆ ಬೆಂಕಿಯ ಗೂಡಿಗೆ ಹೋದರೆ ಮುಗಿಯಿತು, ಸುಟ್ಟದ್ದನ್ನು ಯಾರೂ ತಿದ್ದಲಾರರು. ಒಳಗಿನಿಂದ ಗಂಡ ಊಟಕ್ಕೆ ಕೂಗುತ್ತಿದ್ದ. ಹಿತ್ತಿಲಲ್ಲಿ ಒಬ್ಬಳೇ ಕುಳಿತ ಚೆಮಾ ಚಿಪ್ಪಿನ ಅಂಚಿನಿಂದ ಲಾಮಾದ ಹೊರೆ ಬಿಗಿದಿದ್ದ ಹಸಿಮಣ್ಣಿನ ಹಗ್ಗ ಕೊಯ್ದಳು. ಹೊರೆಯನ್ನು ಎತ್ತಿ ಒಂದು ಗಳಿಗೆ ಅಂಗೈಯಲ್ಲಿ ತೂಗಿ ನೋಡಿದಳು. ಆಮೇಲೆ ಅದನ್ನು ಪೂಮಾದ ಬೆನ್ನ ಮೇಲಿಟ್ಟು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.