ಪರದೆಯ ಹಿಂದಿನ ದಿವಂಗತರು

ಬಾಗಿಲ ಬೆಲ್ ಹೊಡೆದರೆ ಸಾಕು, ನಮ್ಮ ಚಿಕ್ಕಪ್ಪ ಸಾಯಬೇಕಾಗಿತ್ತು. ಓದುತ್ತಿದ್ದ ಪೇಪರು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಪರದೆಯ ಹಿಂದಿನ ಕೋಣೆ ಸೇರಿಕೊಂಡರೆಂದರೆ, ಗಿರಾಕಿ ಮೆಟ್ಟಿಲಿಳಿದು ಹೋಗುವವರೆಗೆ ಅವರು ದಿವಂಗತರು. ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ಮಬೇಕು. ಸೀನುವುದಕ್ಕಂತೂ ಅಪ್ಪಣೆಯೇ ಇರಲಿಲ್ಲ.

ಚಿಕ್ಕಮ್ಮನದು ಹಳೇ ಸ್ವಿಸ್ ವಾಚುಗಳ ವ್ಯಾಪಾರ. ಹಳೇದು ಅಂದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. 'ಒಬ್ಬರ ಕೈಯಲ್ಲಿ ಬಾಳಿದ್ದು' ಅನ್ನಬೇಕಂತೆ. ಬೂಟಿನಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಒಂದು ಮೇಜು, ಕಪ್ಪು ಮಖಮಲ್ಲು ಹಾಸಿದ ತಟ್ಟೆ, ಕೂತರೆ ಬೇಗ ಏಳಲಾಗದಂಥ ಸೋಫಾ. ಹಿಂದಿನದರಲ್ಲಿ ಲಾಕರು, ಟೀ ಒಲೆ ಮತ್ತು ಚಿಕ್ಕಪ್ಪ. ಅವಳ ಲೆಕ್ಕದಲ್ಲಿ ಯಾವುದಕ್ಕೆ ಎಷ್ಟು ಬೆಲೆಯೋ ಅದೇ ಕ್ರಮದಲ್ಲಿ ಹೇಳಿದ್ದೇನೆ. ನಾನು ಅವಳ ಅಕ್ಕನ ಮಗಳು. ವಾಚುಗಳ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕುವ ಕೆಲಸ ನನ್ನದು. ಸಂಬಳದ ಮಾತೆತ್ತಿದರೆ, "ನೀನು ಮನೆಯವಳಲ್ವೇನೇ?" ಎಂದು ಬಾಯಿ ಮುಚ್ಚಿಸುತ್ತಾಳೆ.

ಚಿಕ್ಕಪ್ಪ ಕೆಲಸವಿಲ್ಲದ ಮನುಷ್ಯರೇನಲ್ಲ. ಯಾರಾದರೂ ವಾಚು ಮಾರಲು ತಂದರೆ ಹಿಂದಿನ ಮುಚ್ಚಳ ಬಿಚ್ಚಿ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಅಸಲಿಯೋ ನಕಲಿಯೋ ಎಂದು ಹೇಳುವವರು ಅವರೇ. ಹಾಗಾಗಿ ಮಾರಲು ಬಂದವರಿಗೆ ಅವರು 'ಒಳಗಿರೋ ಮೆಕ್ಯಾನಿಕ್', ಕೊಳ್ಳಲು ಬಂದವರಿಗೆ 'ಅಗಲಿದ ಯಜಮಾನರು'. ಇದಲ್ಲದೆ ಇನ್ನೂ ಒಂದು ಚಾಕರಿ ಇತ್ತು. ಈ ವಾಚುಗಳಲ್ಲಿ ಬ್ಯಾಟರಿಯಿರುವುದಿಲ್ಲ. ಕಟ್ಟಿದ ಕೈ ಆಡುತ್ತಿದ್ದರೆ ನಡೆಯುತ್ತವೆ, ಬಿಚ್ಚಿಟ್ಟರೆ ಒಂದೆರಡು ದಿನದಲ್ಲಿ ನಿಲ್ಲುತ್ತವೆ. ಅವನ್ನು ತಿರುಗಿಸುತ್ತಲೇ ಇರುವ ಯಂತ್ರವೂ ಮಾರುಕಟ್ಟೆಯಲ್ಲಿದೆ. ಚಿಕ್ಕಮ್ಮ ಅದರ ಬೆಲೆ ಕೇಳಿದಳು, ಆಮೇಲೆ ಗಂಡನ ಕಡೆ ನೋಡಿದಳು. ಅಂದಿನಿಂದ ಚಿಕ್ಕಪ್ಪ ಎರಡೂ ಕೈಗೆ ಮೊಣಕೈವರೆಗೆ ವಾಚು ಕಟ್ಟಿಕೊಂಡು ಕಿಟಕಿಯಿಂದ ಲಾಕರಿಗೂ ಲಾಕರಿನಿಂದ ಕಿಟಕಿಗೂ ಓಡಾಡುತ್ತಿದ್ದರು.

ಅವರನ್ನು ಮೊದಲು ಸಾಯಿಸಿದ್ದು ಚಿಕ್ಕಮ್ಮನಲ್ಲ, ಒಬ್ಬ ಗಿರಾಕಿ. ಚಿಕ್ಕಮ್ಮ ಅವತ್ತು ಅಂಗಡಿಯದೇ ಒಂದು ವಾಚನ್ನು ಸುಮ್ಮನೆ ಕೈಗೆ ಹಾಕಿಕೊಂಡಿದ್ದಳು. ಆತ ತಟ್ಟೆಯಲ್ಲಿದ್ದುದನ್ನೆಲ್ಲ ಬಿಟ್ಟು ಅದನ್ನೇ ಕೇಳಿದ. ಬೆಲೆ ಏರಿಸೋಣವೆಂದು ಇವಳು, "ಅದು ನಮ್ಮ ಯಜಮಾನ್ರದ್ದು, ಮಾರೋದಲ್ಲ," ಎಂದು ತಲೆ ತಗ್ಗಿಸಿದಳು. ಆತ, "ಛೆ, ಯಾವಾಗ ಹೋದ್ರಮ್ಮ?" ಎಂದು ಕೇಳಿಬಿಟ್ಟ. ಇವಳು ಇಲ್ಲ ಎನ್ನಲಿಲ್ಲ, ಅಷ್ಟೇ. ಚೌಕಾಶಿಯ ಸೊಲ್ಲೆತ್ತದೆ ಕೊಂಡುಹೋದ. ಸತ್ತವರ ವಾಚಿಗೆ ಯಾರೂ ಚೌಕಾಶಿ ಮಾಡುವುದಿಲ್ಲ ಎಂಬ ಜ್ಞಾನೋದಯ ಅವಳಿಗಾದದ್ದು ಹಾಗೆ.

ಆಮೇಲೆ ಚಿಕ್ಕಪ್ಪ ಹೃದಯಾಘಾತದಿಂದ ಸತ್ತರು, ಜ್ವರದಿಂದ ಸತ್ತರು, ಒಮ್ಮೆ ಈಜಲು ಹೋಗಿ ಸತ್ತರು. ಅವರಿಗೆ ನೀರು ಕಂಡರೇ ಆಗುವುದಿಲ್ಲ, ಸ್ನಾನಕ್ಕೂ ಅಟ್ಟಬೇಕು.

ನನಗೆ ಸಿಟ್ಟು ಬರುತ್ತಿದ್ದುದು ಚಿಕ್ಕಪ್ಪನ ಮೇಲೆ. "ನಿಮಗೆ ಮಾನ ಮರ್ಯಾದೆ ಇಲ್ವಾ? ಬದುಕಿರೋವಾಗ್ಲೇ ಹೀಗೆ ಸಾಯ್ತೀರಲ್ಲ!" ಎಂದು ಒಮ್ಮೆ ಬೈದೇಬಿಟ್ಟೆ.

ಅವರು ನಕ್ಕರು. "ನೀನೂ ಪರದೆ ಹತ್ರ ಕಿವಿ ಕೊಟ್ಟು ಕೇಳು, ಗೊತ್ತಾಗುತ್ತೆ."

ಕೇಳಿದೆ. ಚಿಕ್ಕಮ್ಮ ಗಿರಾಕಿಗೆ ಹೇಳುತ್ತಿದ್ದಳು: ಒಂದು ದಿನ ದನಿ ಎತ್ತಿದವರಲ್ಲ ನಮ್ಮ ಯಜಮಾನ್ರು. ಅವರ ಕೈಯಲ್ಲಿ ಒಂದು ಸ್ಕ್ರೂ ಕಳೆದದ್ದಿಲ್ಲ. ಅವರು ಮನೇಲಿದ್ರೆ ನನಗೆ ಯಾವ ಹೆದರಿಕೆನೂ ಇರಲಿಲ್ಲ. ಒಳಗೆ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಮುಖದಲ್ಲಿ ಮದುಮಗನ ಕಳೆ. ಗಿರಾಕಿ ಹೋದದ್ದೇ ತಡ, "ರೀ, ಹಾಲು ಉಕ್ತಿದೆ, ಅಷ್ಟೂ ಕಾಣಲ್ವಾ?" ಎಂದು ಶುರುವಾಯಿತು. ಬದುಕಿದ್ದ ಚಿಕ್ಕಪ್ಪನಿಗೆ ಇಡೀ ದಿನ ಬೈಗುಳ, ಸತ್ತ ಚಿಕ್ಕಪ್ಪನಿಗೆ ಹೊಗಳಿಕೆ. ಹೆಂಡತಿಯ ಬಾಯಿಂದ ಒಂದು ಒಳ್ಳೆ ಮಾತು ಕೇಳಲು ಆ ಬಡಪಾಯಿಗೆ ಬೇರೆ ದಾರಿಯಿರಲಿಲ್ಲ. ಅದೂ ಸುಳ್ಳು ಎಂದು ತಿಳಿದೇ ಕೇಳುತ್ತಿದ್ದರು.

ಹೀಗಿರುವಾಗ ಅವರಿಗೆ ನಿಜವಾಗಿಯೂ ಎದೆನೋವು ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಚಿಕ್ಕಮ್ಮ ನನ್ನ ಕೈ ಬಿಡಲೇ ಇಲ್ಲ. "ನನ್ನ ಹಾಳು ಬಾಯಿಂದಾನೇ ಆಯ್ತು ಕಣೇ. ಎಷ್ಟು ಸಲ ಹೇಳಿದೀನಿ! ಮೇಲಿರೋನು ನಂಬಿಬಿಟ್ಟ."

"ಗಿರಾಕಿಗಳೇ ಪೂರ್ತಿ ನಂಬಲ್ಲ ಚಿಕ್ಕಮ್ಮ, ದೇವರು ನಂಬ್ತಾನಾ?" ಎಂದೆ. ಅವಳು ನಗಲಿಲ್ಲ. ಅವಳು ಇಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಪುಣ್ಯಕ್ಕೆ ಚಿಕ್ಕಪ್ಪ ವಾಪಸು ಬಂದರು. ಬಂದವರೇ ವಾಚು ಕಟ್ಟಿಕೊಂಡು ಓಡಾಡತೊಡಗಿದರು. ನಡೆಯಿರಿ ಎಂದು ಡಾಕ್ಟರೇ ಹೇಳಿದ್ದರಂತೆ. ಆ ವಾರವೇ ಒಬ್ಬ ವಕೀಲರು ಬಂದರು. ಹಿಂದೆ ನಮ್ಮಲ್ಲೇ 'ಅಗಲಿದ ಯಜಮಾನರ' ಒಂದು ವಾಚು ಕೊಂಡಿದ್ದವರು, ದುಡ್ಡಿಗೆ ಹಿಂದೆಮುಂದೆ ನೋಡದ ಮನುಷ್ಯ. ಲಾಕರಿನಲ್ಲಿ ಕೂತು ನಮ್ಮ ಬಂಡವಾಳವನ್ನೆಲ್ಲ ನುಂಗಿದ್ದ ಚಿನ್ನದ ವಾಚನ್ನು ಚಿಕ್ಕಮ್ಮ ಕೈಗೆ ಹಾಕಿಕೊಂಡು ಕೂತಿದ್ದಳು. ಅದು ಮಾರಿಹೋದರೆ ಅಂಗಡಿ ಉಸಿರಾಡುತ್ತಿತ್ತು.

ವಕೀಲರ ಕಣ್ಣು ನೇರ ಅಲ್ಲಿಗೇ ಹೋಯಿತು. "ಇದೂ ಅವರದ್ದೇನಾ?" ಎಂದು ದನಿ ತಗ್ಗಿಸಿದರು.

"ಹ್ಞೂಂ. ನಮ್ಮ ಯಜಮಾನ್ರದ್ದು."

"ಪಾಪ. ಎಂಥ ಮನುಷ್ಯ!"

ಇನ್ನು ಒಂದೇ ಮಾತು ಬಾಕಿ. ಚಿಕ್ಕಮ್ಮ ತಲೆ ತಗ್ಗಿಸಿದಳು. "ಅವರು..." ಎಂದಳು. ಅಲ್ಲೇ ನಿಲ್ಲಿಸಿದಳು. ಮತ್ತೆ "ಅವರು..." ಎಂದಳು.

ಪರದೆಯ ಹಿಂದಿನಿಂದ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು: "ಹೋಗಿಬಿಟ್ರು ಅನ್ನೇ!"

ವಕೀಲರು ಸೋಫಾದಲ್ಲೇ ಹಾರಿಬಿದ್ದರು. "ಒಳಗೆ ಯಾರು?"

"ಮೆಕ್ಯಾನಿಕ್," ಎಂದೆ ನಾನು.

ಚಿಕ್ಕಮ್ಮ ಎದ್ದು ಹೋಗಿ ಪರದೆ ಸರ್ರನೆ ಎಳೆದಳು. ಎರಡೂ ಕೈ ತುಂಬ ವಾಚು ಕಟ್ಟಿಕೊಂಡು, ಬಗ್ಗಿ ಕಿವಿ ಕೊಟ್ಟ ಭಂಗಿಯಲ್ಲೇ ಚಿಕ್ಕಪ್ಪ ಸಿಕ್ಕಿಬಿದ್ದರು. "ವಕೀಲ್ರೇ, ಇವ್ರೇ ನನ್ನ ಗಂಡ. ಬದುಕಿದಾರೆ. ವ್ಯಾಪಾರ ಮಣ್ಣುಪಾಲಾಗ್ಲಿ, ಇನ್ನು ನಾನು ಇವರನ್ನ ಸಾಯಿಸಲ್ಲ."

ವಕೀಲರು ಸೋಫಾದಿಂದ ಏಳಲು ಒದ್ದಾಡಿದರು. "ಅಲ್ಲಾ, ಅವತ್ತು ನಾನು ಇದೇ ಮೇಜಿನ ಮುಂದೆ ಎದ್ದು ನಿಂತು ಮೌನ ಆಚರಿಸಿದೆನಲ್ರೀ!"

"ನಾನೂ ಒಳಗೆ ಎದ್ದು ನಿಂತಿದ್ದೆ ಸಾರ್," ಎಂದರು ಚಿಕ್ಕಪ್ಪ.

"ಅಂದ್ರೆ ನೀವು ಹೇಳಿದ್ದೆಲ್ಲ ಬರೀ ಬೊಗಳೆ?" ವಕೀಲರು ಚಿಕ್ಕಮ್ಮನ ಕಡೆ ತಿರುಗಿದರು. "ದನಿ ಎತ್ತಿದವರಲ್ಲ, ಅವರಿದ್ರೆ ಹೆದರಿಕೆ ಇರಲಿಲ್ಲ... ಅದೆಲ್ಲಾನೂ?"

ಚಿಕ್ಕಪ್ಪ ನೆಲ ನೋಡತೊಡಗಿದರು. ಉತ್ತರ ಅವರಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದರು.

"ಸತ್ತಿದಾರೆ ಅಂದದ್ದೊಂದು ಸುಳ್ಳು," ಎಂದಳು ಚಿಕ್ಕಮ್ಮ. "ಬಾಕಿ ಎಲ್ಲಾ ನಿಜ."

ವಕೀಲರು ಏನೂ ಕೊಳ್ಳದೆ, ಹೋಗಿ ಬರುತ್ತೇನೆ ಎಂದೂ ಹೇಳದೆ, ದಡದಡ ಮೆಟ್ಟಿಲಿಳಿದು ಹೋದರು. ಚಿಕ್ಕಪ್ಪ ಇದ್ದಲ್ಲೇ ನಿಂತಿದ್ದರು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದವರ ಹಾಗೆ ಒಮ್ಮೆ ಹಿಂದಕ್ಕೆ ಕಟ್ಟಿದರು, ಒಮ್ಮೆ ಬಿಟ್ಟರು.

"ಇನ್ನೊಂದ್ಸಲ ಹೇಳೇ," ಎಂದರು ಕೊನೆಗೆ, ಬಹಳ ಮೆಲ್ಲಗೆ.

"ಗುಳಿಗೆ ತಗೊಂಡ್ರಾ ಇಲ್ವಾ? ಮೊದ್ಲು ಅದನ್ನ ಹೇಳಿ!" ಎಂದು ಚಿಕ್ಕಮ್ಮ ಗದರಿದಳು. ಗದರುತ್ತ ಗದರುತ್ತಲೇ ಅಳುತ್ತಿದ್ದಳು.