ಹುಟ್ಟುಗುಣ ಎಂಬ ಮಾತು

ಎಪ್ಪತ್ತರ ದಶಕದಲ್ಲಿ ಡೊಂಬಿವಲಿಯ ನಮ್ಮ ಎರಡು ಖೋಲಿಯ ಮನೆಯೊಳಗೆ ‘ಹುಟ್ಟುಗುಣ’ ಎಂಬ ಮಾತಿಗೆ ಬಿಡುವೇ ಇರಲಿಲ್ಲ. ನನ್ನ ಗಂಡ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದು ಲೋಕಲ್ ರೈಲು ಹಿಡಿಯಲು ಓಡಿದರೆ ಅದು ಹುಟ್ಟುಗುಣ, ಸುಟ್ಟರೂ ಹೋಗದು. ಮಳೆಗೆ ಮುಂಚೆ ಇರುವೆ ಮೊಟ್ಟೆ ಹೊತ್ತು ಗೋಡೆ ಹತ್ತಿದರೆ ಅದೂ ಹುಟ್ಟುಗುಣವೇ. ಕೆಟ್ಟ ಚಾಳಿಗೂ, ಯಾರೂ ಕಲಿಸದೆ ಜೀವಕ್ಕೆ ಬರುವ ತಿಳಿವಳಿಕೆಗೂ ಧಾರವಾಡದ ಕಡೆಯ ನಮ್ಮತ್ತೆಗೆ ಒಂದೇ ಮಾತು ಸಾಕಾಗುತ್ತಿತ್ತು. ನನಗೋ ಓದಿದವಳೆಂಬ ಜಂಬ. ಎರಡೂ ಬೇರೆ ಎಂದು ಒಳಗೊಳಗೇ ತಿದ್ದುತ್ತಿದ್ದೆ.

ತವರಲ್ಲಿ ಅವ್ವ ಇರಲಿಲ್ಲವಾದ್ದರಿಂದ ಚೊಚ್ಚಲ ಬಾಣಂತನ ಅತ್ತೆಯ ಕೈಯಲ್ಲೇ ಆಯಿತು. ಮೊದಲು ಬರುವ ಹಳದಿ ಹಾಲು ಕೂಸಿಗೆ ಆಗದು ಎಂದು ಹಿಂಡಿ ಚೆಲ್ಲುವುದು ಅವರ ರೂಢಿ. ಒಳ್ಳೆಯ ಹಾಲು ಬರುವವರೆಗೆ ಬೆಳ್ಳಿಯ ಒಳಲೆಯಿಂದ ಸಕ್ಕರೆ ನೀರು ಕುಡಿಸಿದರು. ಮಗಳು ಹಾಯಾಗಿ ನುಂಗಿದಳು. ಆಮೇಲೆ ಎದೆಗೆ ಹಚ್ಚಿದರೆ ಮುಖ ತಿರುಗಿಸಿ ಚೀರಿದಳು.

“ಹಾಲು ಕುಡಿಯೂದು ಹುಟ್ಟುಗುಣ, ಅದನ್ನ ಯಾರು ಕಲಸ್ತಾರ? ತಾನ ಹಿಡೀತದ,” ಎಂದರು ಅತ್ತೆ. ಪಕ್ಕದ ಮನೆಯ ಮರಾಠಿ ಹೆಂಗಸೂ “ಆಪೋಆಪ್ ಯೇತಂ”, ತಾನಾಗಿಯೇ ಬರುತ್ತದೆ, ಎಂದು ಸಮಾಧಾನ ಹೇಳಿದರು.

ತಾನಾಗಿ ಬರಬೇಕಾದದ್ದು ಬರಲಿಲ್ಲ. ಹಾಲು ಕಟ್ಟಿ ನನ್ನ ಎದೆ ಕಲ್ಲಾಯಿತು, ಜ್ವರ ಬಂತು, ಕೂಸು ದಿನದಿನಕ್ಕೆ ಸೊರಗಿತು. ಬದುಕುವ ಗುಣವೇ ಇದಕ್ಕಿಲ್ಲವೇನೋ ಎಂದು ಗಾಬರಿಯಾದೆ. ಆ ಮಾತಿನ ಮೇಲೆಯೇ ಸಿಟ್ಟು ಬಂತು.

ಟಾಂಗಾ ಮಾಡಿಕೊಂಡು ಅತ್ತೆ ಮತ್ತು ನಾನು ಲೇಡಿ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಕೈ ತೊಳೆದು ಕಿರುಬೆರಳನ್ನು ಕೂಸಿನ ಬಾಯೊಳಗಿಟ್ಟರು. ಮಗಳು ಲಬಕ್ಕನೆ ಹಿಡಿದು ಚೀಪತೊಡಗಿದಳು. ಹೀರುವುದು ಇವಳಿಗೆ ಚೆನ್ನಾಗಿ ಗೊತ್ತಿದೆ, ಒಳಲೆಯ ರೂಢಿ ಹಚ್ಚಿ ನೀವೇ ಮರೆಸಿದ್ದೀರಿ ಎಂದು ಮರಾಠಿಯಲ್ಲಿ ಬೈದರು. ಅತ್ತೆ ಆ ಬೆರಳನ್ನೇ ನೋಡುತ್ತಿದ್ದರು.

ಮನೆಗೆ ಬಂದವರೇ ಒಳಲೆಯನ್ನು ಟ್ರಂಕಿಗೆ ಹಾಕಿದರು. ನನ್ನ ಎದೆಗೆ ಬಿಸಿನೀರಿನ ಬಟ್ಟೆ ಇಟ್ಟು, ಸ್ವಲ್ಪ ಹಿಂಡಿ ಮೆತ್ತಗೆ ಮಾಡಿ, ಕೂಸಿನ ತುಟಿಗೆ ಹಾಲು ಸವರಿ ಮತ್ತೆ ಮತ್ತೆ ಹಚ್ಚಿದರು. ಸಂಜೆ ನಳಕ್ಕೆ ನೀರು ಬರುವ ಹೊತ್ತಿಗೆ ಮಗಳು ಹಿಡಿದಳು. ಗುಟುಕಿನ ಸದ್ದು ಕೇಳಿ ನಾನು ನಕ್ಕೆ.

ಅತ್ತೆ ನಗಲಿಲ್ಲ. ಹೊರಗೆ ಕೊಡಗಳ ಗದ್ದಲ ಶುರುವಾದರೂ ಏಳಲಿಲ್ಲ. ನನ್ನ ಗಂಡನೇ ಅವರ ಚೊಚ್ಚಲ ಮಗ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

“ಇವನಕಿಂತ ಮೊದಲ ಒಂದು ಹೆಣ್ಣ ಕೂಸು ಇತ್ತವಾ. ಎದಿ ಹಿಡೀಲಾರದ ಹೋತು. ಅದಕ್ಕ ಹುಟ್ಟುಗುಣಾನ ಇಲ್ಲ ಅಂದ್ರು ಎಲ್ಲಾರೂ,” ಎಂದರು. “ಬಾಯಾಗ ಬೆರಳಿಟ್ಟು ಯಾರೂ ನೋಡಲಿಲ್ಲ.”