ಪಕ್ಕದ ಮನೆಯಜ್ಜನ ಶುಕ್ರವಾರದ ಬಿಯರು

ಹೋದ ವಾರ ಮೊಮ್ಮಗಳ ರಾಗಿ ಸರಿಗೆಂದು ಮೊಳಕೆ ಬರಿಸಿ ಒಣಗಿಸಿದ ರಾಗಿಯನ್ನು ಬಾಣಲೆಗೆ ಹಾಕಿ ಹುರಿಯುತ್ತಿದ್ದೆ. ಹದಕ್ಕೆ ಬಂದಾಗ ಅದರಿಂದ ಒಂದು ವಾಸನೆ ಏಳುತ್ತದೆ. ಸಿಹಿಯೂ ಹೌದು, ತುಸು ಸುಟ್ಟ ಹಾಗೂ ಹೌದು. ಆ ವಾಸನೆಗೆ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ನಮ್ಮ ಮೊದಲ ಮನೆ, ಅದರ ಪಕ್ಕದ ಮನೆಯ ಅಡುಗೆಕೋಣೆ, ಅಲ್ಲಿ ಮನೆಯಲ್ಲೇ ಬಿಯರ್ ಮಾಡುವ ಕಿಟ್ಟಿನ ಡಬ್ಬಿ ತೆರೆಯುತ್ತಾ ನಿಂತಿದ್ದ ಅಜ್ಜ ನೆನಪಾದರು. ಮಡಿವಂತರ ಮನೆಯ ಹೆಣ್ಣಿಗೆ ರಾಗಿ ಹುರಿದರೆ ಬಿಯರ್ ನೆನಪಾಗುತ್ತದೆಂದು ನಗಬೇಡಿ. ಅದಕ್ಕೊಂದು ಕಥೆಯಿದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಶರತ್ಕಾಲದಲ್ಲಿ ನಾವು ಆ ಮನೆಗೆ ಬಂದೆವು. ನಮ್ಮವರಿಗೆ ಬರ್ಚ್‌ವುಡ್‌ನಲ್ಲಿ ಕೆಲಸ; ಬೆಳಗ್ಗೆ ಕಾರು ಹತ್ತಿದರೆ ಮತ್ತೆ ಕಾಣುತ್ತಿದ್ದುದು ಸಂಜೆಗೇ. ಉಳಿದವರು ನಾನು, ಕೈಕೂಸು, ನಡುಗೋಡೆಯ ಆಚೆ ಅಜ್ಜ. ಎದುರಿಗೆ ಹೆಸರಿಗೆ ಮಿಸ್ಟರ್ ಸೇರಿಸಿ ಕರೆಯುತ್ತಿದ್ದರೂ ನಮ್ಮ ಮನೆಯೊಳಗೆ ಅವರು ಪಕ್ಕದ ಮನೆಯಜ್ಜನೇ. ಬಸ್ ಡ್ರೈವರ್ ಆಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರ ಬದುಕಿಗೆ ಆಧಾರವಾಗಿದ್ದದ್ದು ಅಡುಗೆಕೋಣೆಯ ಮೂಲೆಯಲ್ಲಿ ತಾವೇ ಹುದುಗಿಸುತ್ತಿದ್ದ ಬಿಯರು, ಅದನ್ನು ಕುಡಿಯಲು ಪ್ರತಿ ಶುಕ್ರವಾರ ಮಧ್ಯಾಹ್ನ ಬರುತ್ತಿದ್ದ ಮೂವರು ಹಳೆಯ ಡಿಪೋ ಗೆಳೆಯರು. ಅವರ ನಗು ಗೋಡೆ ದಾಟಿ ಬಂದು ನಮ್ಮ ಕೂಸನ್ನು ಎಬ್ಬಿಸುತ್ತಿತ್ತು. ಈ ಮುದುಕರಿಗೆ ಬೇರೆ ಕೆಲಸವಿಲ್ಲವೇ ಎಂದು ಬೈದುಕೊಂಡೇ ಮಗುವನ್ನು ತಟ್ಟುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ, ಅಜ್ಜ ಕೊಟ್ಟ ಬೀನ್ಸಿನ ಪಾತ್ರೆ ವಾಪಸ್ ಕೊಡಲು ಹೋದಾಗ ಅವರು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಒಳಗೆ ಕಾಕಂಬಿಯಂಥ ಗಟ್ಟಿ ಪಾಕ. ವಾಸನೆ ಬಡಿದದ್ದೇ ನಾನು ಬಾಗಿಲಲ್ಲೇ ನಿಂತೆ. ಹುರಿದ ಮೊಳಕೆ ರಾಗಿಯದೇ ವಾಸನೆ! ಅವರದು ಬಾರ್ಲಿ, ನಮ್ಮದು ರಾಗಿ, ಮೊಳಕೆ ಬರಿಸುವ ಉಪಾಯ ಒಂದೇ. ನಮ್ಮಲ್ಲಿ ಇದು ಹಸುಗೂಸುಗಳ ಊಟ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವತ್ತಿನಿಂದ ಕಿಟ್ಟಿನ ಪಾಠ ಶುರು. ಪಾಕವನ್ನು ಬಿಸಿನೀರಿನಲ್ಲಿ ಕದಡಬೇಕು, ಸಕ್ಕರೆ ಸೇರಿಸಬೇಕು, ತಣ್ಣೀರು ಹಾಕಿ ದೊಡ್ಡ ಬಕೆಟ್ಟಿನ ಗೆರೆ ಮುಟ್ಟಿಸಬೇಕು, ಯೀಸ್ಟ್ ಉದುರಿಸಿ ಮುಚ್ಚಿಡಬೇಕು. ಡಬ್ಬಿಯನ್ನು ಯಾರು ಬೇಕಾದರೂ ಕೊಳ್ಳಬಹುದು, ಕೈಗುಣ ಇರುವುದು ಸೇರಿಸುವ ಸಕ್ಕರೆಯಲ್ಲಿ. ಬರೀ ಬಿಳಿ ಸಕ್ಕರೆ ಸುರಿದರೆ ಯೀಸ್ಟ್ ಅದನ್ನು ಪೂರ್ತಿ ತಿಂದು ಮುಗಿಸುತ್ತದೆ. ಅಮಲು ಏರುತ್ತದೆ, ಬಿಯರು ನೀರುನೀರಾಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಎನ್‌ಹ್ಯಾನ್ಸರ್ ಎಂಬ ಪೊಟ್ಟಣ ಸಿಗುತ್ತದೆ. ಅದರಲ್ಲಿ ಮಾಲ್ಟ್ ಪುಡಿ, ಜೊತೆಗೆ ಯೀಸ್ಟಿಗೆ ಜೀರ್ಣವಾಗದ ಒಂದು ಬಗೆಯ ಸಕ್ಕರೆ ಇರುತ್ತದೆ, ಬಿಯರು ಮೈದುಂಬಿಕೊಳ್ಳುತ್ತದೆ. ಹೆಂಡತಿ ಇದ್ದಾಗ ಅವಳೇ ತರುತ್ತಿದ್ದಳಂತೆ. ಅಜ್ಜನಿಗೆ ಅದೆಲ್ಲ ಶೋಕಿ. ಅವರದು ಬಿಳಿ ಸಕ್ಕರೆ. ಮೊದಲೆಲ್ಲ ಒಂದು ಕಿಲೋ, ಆ ವರ್ಷ ಎರಡು ಕಿಲೋಗೆ ಏರಿತ್ತು.

ಇಲ್ಲಿ ನನ್ನ ಮೂಗಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಸಂಕೋಚವಿಲ್ಲದೆ. ನಮ್ಮಪ್ಪ ಮೈಸೂರು ಕಡೆಯ ಒಂದು ದೇವಸ್ಥಾನದಲ್ಲಿ ಅಡುಗೆಯವರು. ನೈವೇದ್ಯವಾಗುವ ಮುಂಚೆ ನಾಲಿಗೆಗೆ ಹಚ್ಚುವಂತಿಲ್ಲ, ಬಗ್ಗಿ ಮೂಸುವಂತೆಯೂ ಇಲ್ಲ. ತಾನಾಗಿ ಬಂದು ತಗುಲಿದ ಆವಿಯಷ್ಟೇ ಆಧಾರ. ಅಷ್ಟರಲ್ಲೇ ಅಪ್ಪ ಹುಳಿಗೆ ಉಪ್ಪು ಕಮ್ಮಿ, ಹುಣಸೆ ಮುಂದು ಎಂದು ಹೇಳಿಬಿಡುತ್ತಿದ್ದರು. ಆ ವಿದ್ಯೆ ಅಣ್ಣಂದಿರಿಗೆ ಹತ್ತಲಿಲ್ಲ, ನನಗೆ ಹತ್ತಿತು.

ಆ ವರ್ಷ ಎಲೆ ಉದುರುವ ಹೊತ್ತಿಗೆ ಶುಕ್ರವಾರದ ನಗು ಕಮ್ಮಿಯಾಯಿತು. ಮೂವರು ಇಬ್ಬರಾದರು, ಆಮೇಲೆ ಒಬ್ಬರೇ. ಅಜ್ಜ ಒಳಗೆ ಹೋದ ತಕ್ಷಣ ಆ ಒಬ್ಬರು ತಮ್ಮ ಗ್ಲಾಸನ್ನು ಹಿತ್ತಲಿನ ಹೂಕುಂಡಕ್ಕೆ ಸುರಿದದ್ದನ್ನು ಮಹಡಿಯ ಕಿಟಕಿಯಿಂದ ನಾನು ಕಣ್ಣಾರೆ ಕಂಡೆ. ಮುಂದಿನ ವಾರ ಅವರೂ ಬರಲಿಲ್ಲ. ಅಜ್ಜ ನಾಲ್ಕು ಗ್ಲಾಸು ಒರೆಸಿಟ್ಟುಕೊಂಡು ಮುಂದಿನ ಕಿಟಕಿಯ ಬಳಿ ಕೂತಿರುತ್ತಿದ್ದರು.

ಏನೋ ನೆವ ಮಾಡಿಕೊಂಡು ಹೋಗಿ ಬಕೆಟ್ಟಿನ ಮುಚ್ಚಳ ಸರಿಸಿ ನೋಡಿದೆ. ಕೊಳೆತ ಸೇಬಿನ ವಾಸನೆ, ಅದರ ಹಿಂದೆಯೇ ಮೂರು ದಿನ ಒಣಗದೆ ಬಿದ್ದ ಬಟ್ಟೆಯದು. ಅಜ್ಜ ಬಗ್ಗಿ ಉಸಿರೆಳೆದು "ಲವ್ಲಿ" ಎಂದರು. ನನಗೆ ಅನುಮಾನ ಬಂತು. ಮರುದಿನ ಇಂಗಿನ ಡಬ್ಬಿ ಹಿಡಿದುಕೊಂಡು ಹೋದೆ. ಅದನ್ನು ತೆರೆದರೆ ನಮ್ಮವರು ಗೇಟಿನಿಂದಲೇ ಇವತ್ತು ಏನಡುಗೆ ಎಂದು ಕೇಳಿಕೊಂಡು ಬರುವಂಥ ಡಬ್ಬಿ. ಅಜ್ಜನ ಮೂಗಿನ ಕೆಳಗೆ ಹಿಡಿದು ಹೇಗಿದೆ ಎಂದೆ. ಅವರು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, ಮತ್ತೆ "ಲವ್ಲಿ" ಎಂದರು. ಯಾವ ಹೂವು ಎಂದು ಬೇರೆ ಕೇಳಿದರು.

ಹೇಳದೆ ಬಿಡಬಹುದಿತ್ತು. ನಮ್ಮವರ ವಾದವೂ ಅದೇ. "ಅವರ ಬಿಯರು, ಅವರ ಹೊಟ್ಟೆ. ನೀನ್ಯಾಕೆ ಮಧ್ಯೆ ತಲೆ ಹಾಕ್ತೀಯ?" ಎಂದರು. ನಾನು ಸುಮ್ಮನಿರುವ ಪೈಕಿ ಅಲ್ಲ. ಹೋಗಿ ಒಂದೇ ಉಸಿರಿಗೆ ಹೇಳಿಬಿಟ್ಟೆ: ನಿಮಗೆ ವಾಸನೆ ತಿಳಿಯುತ್ತಿಲ್ಲ, ರುಚಿಯೂ ಅದರ ಜೊತೆಗೇ ಹೋಗಿದೆ, ಬಿಯರು ಕೆಟ್ಟಿದೆ, ಗೆಳೆಯರು ಬರದಿರುವುದು ಅದಕ್ಕೇ. ಅಜ್ಜನ ಮುಖ ಕೆಂಪಾಯಿತು. ಹೋಗುವಾಗ ಗೇಟು ಹಾಕಿಕೊಂಡು ಹೋಗು ಎಂದಷ್ಟೇ ಹೇಳಿದರು. ಆಮೇಲೆ ಮೂರು ವಾರ ಬೇಲಿಯ ಆಚೆಯಿಂದ ಮಾತಿಲ್ಲ. ಕಸದ ಡಬ್ಬ ಹೊರಗಿಡುವಾಗ ಎದುರಾದರೂ ಮುಖ ತಿರುಗಿಸುತ್ತಿದ್ದರು. ಬೇಜಾರಾಯಿತು ನಿಜ, ಆದರೆ ತಪ್ಪು ಮಾಡಿದೆನೆಂದು ನನಗೆ ಒಂದು ದಿನವೂ ಅನಿಸಲಿಲ್ಲ.

ನಾಲ್ಕನೆಯ ವಾರ ಬಾಗಿಲು ತಟ್ಟಿದರು. ಕಂಕುಳಲ್ಲಿ ಹೊಸ ಡಬ್ಬಿ. ಹಿಂದಿನ ಚಳಿಗಾಲದಲ್ಲಿ ಕೆಟ್ಟ ಫ್ಲೂ ಬಂದಿತ್ತಂತೆ, ಜ್ವರ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತಂತೆ. ಏನು ಕುಡಿದರೂ ಸಪ್ಪೆ ಎನಿಸಿ ಸಕ್ಕರೆ ಏರಿಸುತ್ತಾ ಹೋಗಿದ್ದರು. ಗೆಳೆಯರಿಗೆ ಹೇಳಲು ನಾಚಿಕೆ.

"ವಾಸ್ನೆ ನೋಡೋದು ನಿನ್ನ ಕೆಲಸ, ಕಲಕೋದು ನಂದು," ಎಂದರು.

ನಾನು ಒಂದು ತೊಟ್ಟೂ ಕುಡಿಯುವವಳಲ್ಲ ಎಂದು ನೆನಪಿಸಿದೆ. ಹಾಗಾದರೆ ರುಚಿ ಹೇಗೆ ತಿಳಿಯುತ್ತದೆ ಎಂದರು. ಅಪ್ಪನ ಅಡುಗೆಯ ವಿಷಯ ಹೇಳಿದೆ. ನಂಬಿದರೋ, ಬೇರೆ ದಾರಿ ಇರಲಿಲ್ಲವೋ, ತಲೆಯಾಡಿಸಿದರು.

ಪೇಟೆಯಲ್ಲಿ ಬಿಯರ್ ಮಾಡುವ ಸಾಮಾನು ಮಾರುವ ಹೋಮ್‌ಬ್ರೂ ಅಂಗಡಿಯಿಂದ ಎನ್‌ಹ್ಯಾನ್ಸರ್ ಪೊಟ್ಟಣಗಳನ್ನು ತಂದೆವು. ಅವರ ಬಿಳಿ ಸಕ್ಕರೆಯನ್ನು, ಬಾಟಲಿ ತುಂಬುವಾಗ ನೊರೆಗೆಂದು ಹಾಕುವ ಚೂರು ಬಿಟ್ಟು, ನಾನು ನಮ್ಮ ಮನೆಗೆ ಎತ್ತಿಕೊಂಡು ಬಂದೆ. ಮೊದಲ ದಿನವೇ ಎಡವಟ್ಟು. ಅಜ್ಜ ಪುಡಿಯನ್ನು ಕುದಿನೀರಿನ ಮೇಲೆ ದಡಬಡ ಸುರಿದರು. ಹಬೆ ತಾಗಿದ್ದೇ ಮಾಲ್ಟೆಲ್ಲ ಉಂಡೆಗಟ್ಟಿ ಚಮಚಕ್ಕೆ ಅಂಟಿ ಕಲ್ಲಾಯಿತು. ಗಂಜಿ ಕಾಯಿಸಿ ಗೊತ್ತಿಲ್ಲದವರಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು? ರಾಗಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ ಆಮೇಲೆ ಬಿಸಿಗೆ ಬಿಡುವಂತೆ ಎರಡನೆಯ ಪೊಟ್ಟಣವನ್ನು ನಾನೇ ಕದಡಿ ತೋರಿಸಿದೆ. ಆಮೇಲೆ ಅವರ ಕೈಯಲ್ಲಿ ಎಂದೂ ಗಂಟು ಕಟ್ಟಲಿಲ್ಲ.

ದಿನಾ ಹೋಗಿ ಬಕೆಟ್ಟಿನ ಪಕ್ಕ ನಿಲ್ಲುತ್ತಿದ್ದೆ. ಇವತ್ತು ದೋಸೆ ಹಿಟ್ಟು ಉಬ್ಬಿದ ವಾಸನೆ, ಇವತ್ತು ಬಾಳೆಹಣ್ಣು, ಇವತ್ತು ಕಂದಿದ ಬ್ರೆಡ್ಡಿನ ಅಂಚು ಎಂದರೆ ಅಜ್ಜ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತಿದ್ದರು. ದೋಸೆ ಎಂದರೇನು ಎಂದು ಕೇಳಿ, ಮಾಡಿಸಿಕೊಂಡೂ ತಿಂದರು. ಕಿಟ್ಟಿನ ಚೀಟಿ ಒಂದು ವಾರ ಸಾಕು ಎನ್ನುತ್ತಿತ್ತು. ನಾನು ಇನ್ನೂ ನಾಲ್ಕು ದಿನ ಬೇಕು ಎಂದೆ. ಕಾದರು.

ಬಾಟಲಿ ತುಂಬಿದೆವು, ಬಿಯರು ತಿಳಿಯಾಯಿತು. ಆದರೆ ಗೆಳೆಯರನ್ನು ಕರೆಯಲು ಅಜ್ಜನಿಗೆ ಬಾಯಿ ಬರಲಿಲ್ಲ. ನೀನೇ ಹೇಳು, ಮೂಗಿನ ವಿಷಯವನ್ನೂ ಹೇಳಿಬಿಡು ಎಂದರು. ಹೂಕುಂಡಕ್ಕೆ ಸುರಿದಿದ್ದ ಆ ಗೆಳೆಯರು ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಹಿಡಿದು ನಿಲ್ಲಿಸಿ ಎಲ್ಲ ಹೇಳಿದೆ. ಬಿಯರು ಈಗ ಸರಿಹೋಗಿದೆ, ಬನ್ನಿ ಎಂದೆ. ಅವರು ತಮ್ಮ ಬೂಟು ನೋಡುತ್ತಾ, ಅಲ್ಲಿನವರು ಎಲ್ಲ ಹೆಂಗಸರನ್ನೂ ಕರೆಯುವಂತೆ ನನ್ನನ್ನೂ ಲವ್ ಎಂದು ಕರೆದು ಹೇಳಿದರು.

"ಬಿಯರ್ ಹಾಳಾಗ್ ಹೋಗ್ಲಿ, ಲವ್. ಪ್ರತಿ ಸಲ ಹೇಗಿದೆ ಅಂತ ಕೇಳ್ತಿದ್ದ. ಪ್ರತಿ ಸಲ ಅವನ ಮುಖ ನೋಡ್ಕೊಂಡು ಸುಳ್ಳು ಹೇಳ್ಬೇಕಿತ್ತು. ಅದು ನನ್ನ ಕೈಲಿ ಆಗ್ಲಿಲ್ಲ."

ಇನ್ನು ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿ ಎಂದೆ. ಆ ಶುಕ್ರವಾರ ಮೂವರೂ ಬಂದರು. ಗೋಡೆಯ ಆಚೆ ಮೊದಲು ಒಬ್ಬರ ಕೆಮ್ಮು, ಆಮೇಲೆ ನಾಲ್ವರ ನಗು. ಮಲಗಿದ್ದ ಮಗಳು ಎದ್ದು ಅತ್ತಳು. ನಾನು ಅವಳನ್ನು ಎತ್ತಿಕೊಂಡು ಅಡುಗೆಮನೆಯಲ್ಲೇ ಕುಣಿದೆ.

ಹಾಗೆ ಆರೇಳು ವರ್ಷ ನಡೆಯಿತು. ನಾನು ಬೇಡವೆಂದ ಎರಡು ಬಕೆಟ್ಟು ಬಿಯರನ್ನು ಅಜ್ಜ ಚಕಾರವೆತ್ತದೆ ಮೋರಿಗೆ ಸುರಿದರು. ಬರಬರುತ್ತಾ ಫ್ರಿಜ್ಜಿನ ಹಾಲು, ಚರ್ಚಿಗೆ ಹಾಕುವ ಕೋಟು, ಎಲ್ಲವನ್ನೂ ಬೇಲಿಯ ಮೇಲಿಂದ ನನ್ನ ಮೂಗಿಗೆ ಹಿಡಿಯತೊಡಗಿದರು. ನಾನು ಒಮ್ಮೆಯೂ ದಾಕ್ಷಿಣ್ಯ ಮಾಡಲಿಲ್ಲ. ಒಗೆಯಬೇಕು ಎಂದರೆ ಕೋಟು ಒಗೆಯಲು ಹೋಗುತ್ತಿತ್ತು. ನಿನ್ನನ್ನು ಮಾತ್ರ ನಂಬುತ್ತೇನೆ ಎನ್ನುತ್ತಿದ್ದರು.

ಆಮೇಲೆ ಅಜ್ಜನ ಕಾಲಿಗೊಂದು ಹುಣ್ಣಾಯಿತು... ಮಾಯಲಿಲ್ಲ, ಮೇಲೇರಿತು, ಆಸ್ಪತ್ರೆ ಸೇರಿದರು. ನಾನು ಆಸ್ಪತ್ರೆಗೆ ಹೋದದ್ದು ಒಂದು ಶುಕ್ರವಾರ ಮಧ್ಯಾಹ್ನ. ಅವರಿದ್ದ ಕೋಣೆಯ ಬಾಗಿಲಲ್ಲೇ ವಾಸನೆ ಬಡಿಯಿತು. ಅದು ಎಂಥದೆಂದು ಬರೆಯಲಾರೆ. ಔಷಧಿಯಾಗಲಿ ಫಿನಾಯಿಲ್ ಆಗಲಿ ಅದನ್ನು ಮುಚ್ಚಿರಲಿಲ್ಲ. ಅಜ್ಜ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಅವ್ರು ಮೂವರು ಬರ್ತಿದಾರೆ. ನಾನು ನಾರ್ತಾ ಇದೀನಾ? ಇದ್ದದ್ದು ಹೇಳು. ನಾರ್ತಾ ಇದ್ರೆ ನರ್ಸ್‌ಗೆ ಹೇಳಿ ವಾಪಸ್ ಕಳಿಸ್ತೀನಿ."

"ಇಲ್ಲ," ಎಂದೆ. "ಸೋಪಿನ ವಾಸ್ನೆ ಬರ್ತಿದೆ. ಒಗೆದ ಬಟ್ಟೆ ವಾಸ್ನೆ. ಅಷ್ಟೇ."

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ದಿಂಬಿಗೆ ಒರಗಿ, ಬಾಚಣಿಗೆ ಎಲ್ಲಿದೆ ನೋಡು, ತಲೆ ಸರಿಮಾಡು ಎಂದರು.

ಹೊರಗೆ ಮೂವರೂ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರಿಗೆ ನಿಜ ಹೇಳಿದೆ. ಒಳಗೆ ತಡೆಯಲಾಗದ ವಾಸನೆಯಿದೆ, ಇಲ್ಲವೆಂದು ಹೇಳಿ ಬಂದಿದ್ದೇನೆ, ಮುಖ ಸಿಂಡರಿಸಬೇಡಿ, ಕೇಳಿದರೆ ನೀವೂ ಇಲ್ಲವೆನ್ನಿ. ಮೂವರೂ ಎದ್ದು ಒಳಗೆ ಹೋದರು. ಬಾಗಿಲಿನ ಗಾಜಿನಿಂದ ನೋಡಿದೆ. ಸುಳ್ಳು ಹೇಳಲು ತಮ್ಮ ಕೈಲಾಗದು ಎಂದಿದ್ದ ಆ ಗೆಳೆಯರೇ ಕುರ್ಚಿಯನ್ನು ಎಲ್ಲರಿಗಿಂತ ಹತ್ತಿರ, ಆ ಕಾಲಿನ ಪಕ್ಕಕ್ಕೇ ಎಳೆದುಕೊಂಡು ಕೂತರು. ರೋಗಿಗಳ ಭೇಟಿಯ ಹೊತ್ತು ಮುಗಿಯುವವರೆಗೆ ಒಬ್ಬರೂ ಎದ್ದು ಬರಲಿಲ್ಲ. ನಾಲ್ವರೂ ನಗುತ್ತಿದ್ದರು.

ಮುಂದಿನ ಶುಕ್ರವಾರಕ್ಕೆ ಅಜ್ಜ ಇರಲಿಲ್ಲ. ಈಗ ಆ ಮೂವರೂ ಇಲ್ಲ. ನಾವೂ ಆ ಮನೆ ಬಿಟ್ಟು ಬಹಳ ವರ್ಷವಾಯಿತು. ನನ್ನ ಬಾಯಿ ಬದಲಾಗಿಲ್ಲ. ಮನೆಯಲ್ಲಿ ಯಾರು ಏನು ಕೇಳಿದರೂ ಇದ್ದದ್ದನ್ನೇ ಹೇಳಿ ಬೈಸಿಕೊಳ್ಳುತ್ತೇನೆ. ನನ್ನೊಬ್ಬಳನ್ನೇ ನಂಬಿದ್ದ ಮನುಷ್ಯನಿಗೆ ನಾನು ಮೋಸ ಮಾಡಿದೆ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇನ್ನೊಮ್ಮೆ ಕೇಳಿದರೂ ಸೋಪಿನ ವಾಸನೆ ಎಂದೇ ಹೇಳುತ್ತೇನೆ. ಕೇಳಲು ಅವರಿಲ್ಲ.